ಒಣಬಂಡೆಯ ಭೋರ್ಗರೆತ

ಇದನ್ನು ಕಟ್ಟುಕಥೆ ಎನ್ನುವವರು ಒಮ್ಮೆ ಸೋಮನಹಳ್ಳಿಗೆ ಬಂದು ನನ್ನ ಗೆಳೆಯ ಶಿವಲಿಂಗನ ಎದುರು ಸ್ವಲ್ಪ ಹೊತ್ತು ಕೂತು ಹೋಗಲಿ. ಆಮೇಲೂ ಸುಳ್ಳು ಎನಿಸಿದರೆ ನಾನು ವಾದ ಮಾಡುವುದಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ... ಆ ಜಾಗದ ಹೆಸರೊಂದನ್ನು ಬಿಟ್ಟು. ಹೆಸರು ಹೇಳಿದರೆ ನಿಮ್ಮಲ್ಲೇ ಯಾರಾದರೂ ಹುಡುಕಿಕೊಂಡು ಹೋಗುತ್ತೀರಿ. ದಯವಿಟ್ಟು ಬೇಡ.

ನಾನು ಸಲೀಂ. ಮಂಡ್ಯದ ಗುತ್ತಲಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಶಿವಲಿಂಗ ಸೋಮನಹಳ್ಳಿಯವನು, ಅಲ್ಲೇ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮಷೀನ್ ನಡೆಸುತ್ತಿದ್ದ. ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದ ಅವನ ಬೈಕನ್ನು ನಾನು ಸರಿಮಾಡಿಕೊಟ್ಟಾಗ ಆದ ಪರಿಚಯ. ಇಬ್ಬರಿಗೂ ಒಂದೇ ಹುಚ್ಚು. ಭಾನುವಾರ ಬಂತೆಂದರೆ ಯಾರೂ ಹೋಗದ ಜಲಪಾತ, ಪೊದೆಯೊಳಗೆ ಮುಚ್ಚಿಹೋದ ಮಂಟಪ, ಹೊಲದ ಬದುವಿನಲ್ಲಿ ವಾಲಿ ನಿಂತ ವೀರಗಲ್ಲು ಹುಡುಕಿಕೊಂಡು ಹೊರಡುವುದು. ಗಗನಚುಕ್ಕಿ, ಭರಚುಕ್ಕಿ ಎಲ್ಲರೂ ನೋಡುತ್ತಾರೆ. ನಮಗೆ ಬೋರ್ಡೇ ಇಲ್ಲದ ಜಾಗ ಬೇಕಿತ್ತು.

ಶಿವಲಿಂಗನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನಷ್ಟು ಮೆತ್ತಗೆ ಮಾತಾಡುವ ಗಂಡಸನ್ನು ನಮ್ಮ ಕಡೆ ನಾನು ನೋಡಿಲ್ಲ. ಇಡೀ ದಿನ ಮಷೀನಿನ ಗದ್ದಲದಲ್ಲಿದ್ದು ಬಂದರೂ ದನಿ ಏರಿಸುತ್ತಿರಲಿಲ್ಲ. ಅವನ ಪುಟ್ಟ ಮಗಳು ಅಪ್ಪ ಪಿಸುಗುಟ್ಟುವ ಕಥೆ ಕೇಳದೆ ನಿದ್ದೆ ಮಾಡುತ್ತಿರಲಿಲ್ಲ.

ಆ ಭಾನುವಾರ ಅವನು ಮದ್ದೂರಿಗೆ ಬಸ್ಸಿನಲ್ಲಿ ಬಂದ. ಅಲ್ಲಿಂದ ನನ್ನ ಬೈಕಿನಲ್ಲೇ ಇಬ್ಬರೂ ಮಳವಳ್ಳಿ ದಾಟಿ ಶಿವನಸಮುದ್ರದ ಕಡೆ ಹೋದೆವು. ಹಗಲೆಲ್ಲ ತಿರುಗಿ ವಾಪಸಾಗುವಾಗ ಹೊತ್ತು ಇಳಿಯುತ್ತಿತ್ತು. ಒಂದು ಮಣ್ಣುದಾರಿಯ ಬಳಿ ಶಿವಲಿಂಗ ನನ್ನ ಭುಜ ತಟ್ಟಿದ.

‘ಇಲ್ಲೆಲ್ಲೋ ಒಂದು ಹಳೇ ಮಂಟಪ ಅದೆ ಅಂತ ಯಾರೋ ಏಳಿದ್ರು ಕಣ್ಲಾ. ನೋಡ್ಕೊಂಡು ಓಗ್ಬುಡಾನ.’

ದಾರಿ ಮುಗಿಯುವ ಕಡೆ ಬೈಕ್ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಆಗ ಕೇಳಿಸಿತು.

ನೀರು... ಎತ್ತರದಿಂದ ಬೀಳುವ ನೀರಿನ ಭೋರ್ಗರೆತ.

ಶಿವಲಿಂಗನ ಮುಖ ಅರಳಿತು. ‘ಲೇ, ಇಲ್ಲೊಂದು ಜಲಪಾತ ಇದ್ದದ್ದು ನಮ್ಗೇ ಗೊತ್ತಿಲ್ವಲ್ಲಾ!’

ಲಂಟಾನದ ಪೊದೆ ಸರಿಸುತ್ತಾ ಹಳ್ಳಕ್ಕೆ ಇಳಿದೆವು. ಇಳಿದಷ್ಟೂ ಸದ್ದು ಜೋರಾಯಿತು. ಒದ್ದೆ ಕಲ್ಲಿನ ವಾಸನೆ, ಪಾಚಿಯ ವಾಸನೆ ಮೂಗಿಗೆ ಬಡಿಯಿತು. ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಕೂಗಿಕೊಂಡು ಮಾತಾಡಬೇಕಾಯಿತು. ದಾರಿಯಲ್ಲೇ ಮಂಟಪ ಸಿಕ್ಕಿತು. ನಾಲ್ಕು ಕಂಬದ ಸಣ್ಣ ಕಟ್ಟಡ. ಹಳ್ಳದ ಕಡೆಯನ್ನು ಮಾತ್ರ ದಪ್ಪ ಚಪ್ಪಡಿ ಕಲ್ಲಿನಿಂದ ಪೂರ್ತಿ ಮುಚ್ಚಿದ್ದರು. ಒಂದು ಕಿಂಡಿಯೂ ಇರಲಿಲ್ಲ. ಇಷ್ಟು ಒಳ್ಳೆ ನೋಟಕ್ಕೆ ಬೆನ್ನು ಹಾಕಿ ಯಾಕೆ ಕಟ್ಟಿದರೋ ಎಂದುಕೊಂಡೆ.

ಅದನ್ನು ಬಳಸಿ ಮುಂದೆ ಹೋದೆವು.

ಎದುರಿಗೆ ಕರೀ ಬಂಡೆ. ತೆಂಗಿನಮರಕ್ಕಿಂತ ಎತ್ತರ. ಕೆಳಗೆ ಬರೀ ಮರಳು, ಒಣಗಿದ ಎಲೆ.

ನೀರಿರಲಿಲ್ಲ.

ಒಂದು ಹನಿ ಇರಲಿಲ್ಲ. ಆದರೆ ಭೋರ್ಗರೆತ ಮಾತ್ರ ಕಿವಿ ಒಡೆಯುವ ಹಾಗೆ, ಅದೇ ಬಂಡೆಯ ಮೇಲಿಂದ, ನಮ್ಮ ಕಣ್ಣೆದುರಿಗೇ ಬೀಳುತ್ತಿತ್ತು...

‘ನಡಿಲಾ, ಓಗಾನ!’ ಎಂದು ಕಿರುಚಿದೆ. ಶಿವಲಿಂಗ ಮೊಬೈಲ್ ತೆಗೆದು ವಿಡಿಯೊ ಮಾಡುತ್ತಿದ್ದ. ‘ಗಾಳಿ ಸಬ್ದ ಇರ್ಬೇಕು ಕಣ್ಲಾ, ಬಂಡೆ ಸಂದೀಲಿ ನುಗ್ತಾ ಅದೆ!’ ಎಂದು ಅವನೂ ಕಿರುಚಿದ. ಸುತ್ತಲಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮೊಬೈಲನ್ನು ಜೇಬಿಗಿಟ್ಟು ಅವನು ಬಂಡೆಯ ಬುಡಕ್ಕೆ ನಡೆದ. ನೀರು ಬೀಳಬೇಕಾದ ಜಾಗಕ್ಕೆ ಸರಿಯಾಗಿ ನಿಂತು ತಲೆ ಮೇಲೆತ್ತಿದ. ಜಲಪಾತದ ಕೆಳಗೆ ನಿಂತವರು ಮಾಡುವ ಹಾಗೆ ಕಣ್ಣು ಮುಚ್ಚಿ, ಬಾಯಿ ತೆರೆದು ನಕ್ಕ. ಎಷ್ಟು ಕೂಗಿದರೂ ತಿರುಗಲಿಲ್ಲ. ಕೊನೆಗೆ ನಾನೇ ಓಡಿ ಅವನ ತೋಳು ಹಿಡಿದು ಎಳೆದೆ.

ತೋಳು ಒದ್ದೆಯಾಗಿತ್ತು. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಕತ್ತಲಾಗಿತ್ತು. ಮೊಬೈಲ್ ಬೆಳಕಿನಲ್ಲಿ ಏದುಸಿರು ಬಿಡುತ್ತಾ ಹತ್ತಿದೆವು. ಮಂಟಪ ದಾಟಿದೆವು, ಪೊದೆ ದಾಟಿದೆವು. ಅಷ್ಟರಲ್ಲಿ ನನಗೆ ಒಂದು ವಿಷಯ ಹೊಳೆಯಿತು. ದೂರ ಬಂದಷ್ಟೂ ಸದ್ದು ಕಡಿಮೆಯಾಗಬೇಕಲ್ಲವೇ?

ಆಗುತ್ತಿರಲಿಲ್ಲ...

ಬೈಕ್ ಹತ್ತಿದರೂ ಅಷ್ಟೇ. ಎಂಜಿನ್ನಿನ ಸದ್ದನ್ನು ಮೀರಿ, ಹೆಲ್ಮೆಟ್ಟಿನ ಒಳಗೇ ನೀರು ಸುರಿಯುತ್ತಿತ್ತು. ಬಾಯಿಗೆ ಬಂದ ದುವಾ ಓದುತ್ತಾ ಗಾಡಿ ಓಡಿಸಿದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಡಾಂಬರು ರಸ್ತೆಗೆ ಬರುತ್ತಿದ್ದಂತೆ ಮಳವಳ್ಳಿ ಕಡೆಯ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹಾದುಹೋಯಿತು. ಅದರೊಂದಿಗೆ ಕತ್ತರಿಸಿದ ಹಾಗೆ ಎಲ್ಲ ನಿಂತಿತು. ಜೀರುಂಡೆ ಸದ್ದು ಕೇಳಿಸಿತು. ಅಳು ಬಂದುಬಿಟ್ಟಿತು ನನಗೆ.

ರಸ್ತೆ ಬದಿಯ ಟೀ ಅಂಗಡಿಯಲ್ಲಿ ನಿಲ್ಲಿಸಿದೆ. ವಯಸ್ಸಾದ ಹೆಂಗಸೊಬ್ಬರು ಟೀ ಸೋಸುತ್ತಿದ್ದರು. ಆ ಹಳ್ಳದ ವಿಷಯ ಕೇಳಿದೆ.

‘ಅಲ್ಲೆಲ್ಲಪ್ಪ ನೀರು? ನಾನು ಮದ್ವೆ ಆಗಿ ಈ ಊರ್ಗೆ ಬಂದಾಗಿಂದ ಒಣಗೇ ಅದೆ’ ಎಂದರು. ‘ಟೀಗೆ ಸಕ್ಕರೆ ಆಕ್ಲಾ?’ ಎಂದು ಶಿವಲಿಂಗನನ್ನು ಕೇಳಿದರು.

ಅವನು ಆಕೆಯ ತುಟಿಯನ್ನೇ ನೋಡುತ್ತಿದ್ದ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದ: ‘ಏನಂದ್ರೀ? ನೀರಿನ ಸದ್ದಲ್ಲಿ ಕೇಳುಸ್ನಿಲ್ಲ!’

ಆ ಹೆಂಗಸು ಬೆಚ್ಚಿ ಲೋಟ ಕೆಳಗಿಟ್ಟರು. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, ‘ಕಿವಿ ಕೇಳಾಕಿಲ್ವಾ ಪಾಪ?’ ಎಂದರು.

ಬೆಳಿಗ್ಗೆಯಷ್ಟೇ ಪಿಸುದನಿಯಲ್ಲಿ ತಮಾಷೆ ಮಾಡುತ್ತಿದ್ದವನು ಅವನು.

ಸೋಮನಹಳ್ಳಿಯವರೆಗೂ ನಾನೇ ಬಿಟ್ಟುಬಂದೆ. ಬಾಗಿಲು ತೆಗೆದ ಹೆಂಡತಿ ಸವಿತಾ, ‘ಯಾಕಿಂಗೆ ನೆಂದಿದ್ದೀರಿ?’ ಎಂದಳು. ಅವನು ಕೂಗಿ ಉತ್ತರ ಕೊಟ್ಟ. ಒಳಗೆ ಮಲಗಿದ್ದ ಮಗು ಎದ್ದು ಹೆದರಿ ಅಳತೊಡಗಿತು. ಆ ಅಳು ಅವನಿಗೆ ಕೇಳಿಸಲಿಲ್ಲ.

ವಿಡಿಯೊವನ್ನು ನಾನು, ಸವಿತಾ ಇಬ್ಬರೂ ನೋಡಿದೆವು. ಅದರಲ್ಲಿ ನೀರಿನ ಸದ್ದೇ ಇಲ್ಲ. ನಿಶ್ಶಬ್ದವಾದ ಒಣಬಂಡೆಯ ಮುಂದೆ ಇಬ್ಬರು ಗಂಡಸರು ಹುಚ್ಚರ ಹಾಗೆ ಕಿರುಚಾಡುತ್ತಿದ್ದಾರೆ, ಅಷ್ಟೇ. ಅವಳು ಮೊಬೈಲನ್ನು ಮಗುಚಿಟ್ಟಳು.

ಆಮೇಲೆ ಮಂಡ್ಯದ ಡಾಕ್ಟರು, ಮೈಸೂರಿನ ಡಾಕ್ಟರು. ಕಿವಿಯಲ್ಲಿ ಏನೂ ತೊಂದರೆಯಿಲ್ಲ ಎಂದರು ಎಲ್ಲರೂ. ನಾನು ದರ್ಗಾಕ್ಕೆ ಕರೆದುಕೊಂಡು ಹೋದೆ. ಅವರ ಮನೆಯವರು ಮನೆದೇವರಿಗೆ ಹರಕೆ ಹೊತ್ತರು. ಮಷೀನಿನ ಸದ್ದು ಕೇಳಿಸದೆ ಒಂದು ದಿನ ಕೈಯನ್ನೇ ಅದಕ್ಕೆ ಸಿಕ್ಕಿಸಿಕೊಳ್ಳುವುದರಲ್ಲಿದ್ದ. ಕೆಲಸ ಹೋಯಿತು. ನಾನು ಹೋದಾಗಲೆಲ್ಲ ನನ್ನ ಕೈ ಹಿಡಿದುಕೊಂಡು, ‘ನೀರು ಜಾಸ್ತಿ ಆಯ್ತಾ ಅದೆ ಕಣ್ಲಾ’ ಎಂದು ಕೂಗುತ್ತಿದ್ದ.

ಆ ಸದ್ದನ್ನು ತಂದ ಜಾಗದಲ್ಲೇ ಬಿಟ್ಟುಬಂದರೆ ಅವನನ್ನು ಬಿಡುತ್ತದೇನೋ ಎಂಬ ಆಸೆ ನನ್ನದು. ಒಂದು ಮಧ್ಯಾಹ್ನ ಸುಡುಬಿಸಿಲಿನಲ್ಲಿ ಮತ್ತೆ ಅಲ್ಲಿಗೇ ಕರೆದುಕೊಂಡು ಹೋದೆ. ಹಳ್ಳದಲ್ಲಿ ಮೇಕೆಗಳು ಮೇಯುತ್ತಿದ್ದವು. ಎಲೆ ತುಳಿದರೆ ಅದರ ಸದ್ದೂ ಕೇಳುವಷ್ಟು ಮೌನ. ನನಗೆ ಏನೂ ಕೇಳಿಸಲಿಲ್ಲ. ಮಾಮೂಲಿ ಬಂಡೆ, ಮಾಮೂಲಿ ಮರಳು.

ಶಿವಲಿಂಗ ಬಂಡೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತ. ತಿರುಗಿದಾಗ ಕಣ್ಣು ತುಂಬಿಕೊಂಡಿತ್ತು. ಆವತ್ತು ಅವನು ಕೂಗಲಿಲ್ಲ. ಹಳೆಯ ಮೆಲುದನಿಯಲ್ಲೇ ಹೇಳಿದ.

‘ಇಲ್ಲಿಲ್ಲ ಕಣ್ಲಾ ಸಲೀಮ... ಅದು ಇಲ್ಲಿಂದ ಎದ್ದು ಬಂದ್ಬುಟ್ಟದೆ.’

ನನ್ನ ಹತ್ತಿರ ಅವನು ಆಡಿದ ಕೊನೆಯ ಮಾತು ಅದು. ಅಲ್ಲಿಂದೀಚೆಗೆ ಅವನು ಬಾಯಿ ತೆರೆದಿಲ್ಲ. ದಿನವಿಡೀ ಜಗಲಿಯ ಮೇಲೆ ಕಣ್ಣು ಮುಚ್ಚಿ, ತಲೆ ಸ್ವಲ್ಪ ಮೇಲೆತ್ತಿ ಕೂತಿರುತ್ತಾನೆ. ಎದುರಿಗೆ ಕೂತರೆ ಪಾಚಿಯ ವಾಸನೆ ಬರುತ್ತದೆ. ಅವನ ದಿಂಬನ್ನು ಎಷ್ಟು ಬಿಸಿಲಿಗೆ ಹಾಕಿದರೂ ಬೆಳಗಾಗುವುದರೊಳಗೆ ನೆಂದಿರುತ್ತದೆ ಎನ್ನುತ್ತಾಳೆ ಸವಿತಾ. ಯಾಕೆ ಅವನು? ಬಸ್ಸಿನ ಹಾರ್ನಿಗೆ ನನ್ನನ್ನು ಬಿಟ್ಟದ್ದು ಅವನನ್ನು ಯಾಕೆ ಬಿಡಲಿಲ್ಲ? ಉತ್ತರ ಗೊತ್ತಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಹೋದ ವಾರ ಮತ್ತೆ ಹೋಗಿದ್ದೆ. ಸಂಜೆಯಾಗಿತ್ತು. ಶಿವಲಿಂಗ ಕಣ್ಣು ತೆರೆದು ನೋಡಲೂ ಇಲ್ಲ. ಸವಿತಾ ಕಾಫಿ ಕೊಟ್ಟಳು. ಹೊರಟಾಗ ಗೇಟಿನವರೆಗೂ ಬಂದಳು.

‘ಉಸಾರಾಗಿ ಓಗಣ್ಣಾ! ಕತ್ತಲಾಯ್ತಾ ಅದೆ!’

ಅವಳು ನನ್ನಿಂದ ಮೊಳ ದೂರದಲ್ಲಿ ನಿಂತಿದ್ದಳು. ಆದರೂ ಹಳ್ಳದಾಚೆ ನಿಂತವರನ್ನು ಕರೆಯುವ ಹಾಗೆ ಕೂಗಿದಳು. ಗಂಡನ ಹತ್ತಿರ ಕೂಗಿ ಕೂಗಿ ಅಭ್ಯಾಸವಾಗಿದೆ ಪಾಪ, ಎಂದು ನನಗೆ ನಾನೇ ಹೇಳಿಕೊಂಡೆ.

ಒಳಗಿನಿಂದ ಮಗು, ‘ಅಮ್ಮಾ’ ಎಂದು ಕರೆಯಿತು. ಸ್ವಲ್ಪ ತಡೆದು ಮತ್ತೆ ಕರೆಯಿತು. ಆಮೇಲೆ ಅಳುತ್ತಾ, ಜೋರಾಗಿ, ಮತ್ತೆ ಮತ್ತೆ...

ಸವಿತಾ ನನ್ನನ್ನೇ ನೋಡಿ ನಗುತ್ತಾ ಗೇಟು ಹಿಡಿದು ನಿಂತಿದ್ದಳು. ತಿರುಗಲೇ ಇಲ್ಲ.