ತೆರೆ ಏಳದ ನಾಟಕಗಳ ಮೇಸ್ತ್ರಿ

ಹೂವಪ್ಪ ಮೇಸ್ತ್ರಿ ಮೂರು ನಾಟಕ ಬರೆದು, ಮೂರನ್ನೂ ಕಲಿಸಿ, ಮೂರಕ್ಕೂ ಹ್ಯಾಂಡ್‌ಬಿಲ್ ಹಂಚಿದ್ದರು. ಆಡಿದ್ದು ಒಂದನ್ನೂ ಇಲ್ಲ. ಬಣಕಲ್ಲಿನ ಹೋಟೆಲಿನಲ್ಲಿ ಯಾರಾದರೂ, "ಈ ವರ್ಷ ಯಾವ ನಾಟ್ಕ ನಿಲ್ಸ್ತೀರಿ ಮೇಸ್ತ್ರೀ?" ಎಂದು ಕೆಣಕಿದರೆ ಟೀ ಲೋಟ ಕೆಳಗಿಡದೆಯೇ, "ಹೊಸದು ಮಾರಾಯ. ಹಳೇದನ್ನೇ ಎಷ್ಟು ಸಲ ಅಂತ ನಿಲ್ಸೋದು?" ಎನ್ನುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಅವರು ಕೆಲಸ ಮಾಡಿಸುತ್ತಿದ್ದ ಕಾಫಿ ಎಸ್ಟೇಟಿನಲ್ಲಿ, ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ಅವರ ಗ್ಯಾಂಗಿನ ಆಳುಗಳು. ಮೇಸ್ತ್ರಿ ಎಂದರೆ ಆಳುಗಳ ಬೆನ್ನ ಹಿಂದೆ ನಿಂತು ಕೂಗಾಡುವವನು ಎಂದು ಎಲ್ಲರಿಗೂ ಗೊತ್ತು. ಇವರೂ ಕೂಗುತ್ತಿದ್ದರು, ಆದರೆ ಅರ್ಧ ಕೂಗು ನಾಟಕದ್ದು. ತಾಲೀಮಿಗೆಂದು ಬೇರೆ ಹೊತ್ತು ಯಾರಿಗಿತ್ತು? ಹಣ್ಣು ಕೊಯ್ಯುವಾಗಲೇ ರಾಜನನ್ನು ಒಂದು ಸಾಲಿಗೆ, ಮಂತ್ರಿಯನ್ನು ನಾಲ್ಕು ಸಾಲು ಆಚೆಗೆ ಬಿಡುತ್ತಿದ್ದರು. ನಡುವೆ ಕಾಫಿ ಗಿಡ. ಒಬ್ಬರಿಗೊಬ್ಬರು ಕಾಣುವುದಿಲ್ಲ. "ಮುಖ ಕಾಣಲ್ಲ ಅಂತ ಗೊಣಗ್ಬೇಡಿ. ಮಾತು ಗಿಡ ದಾಟಿ ಬರ್ಲಿ, ಕೈ ಮಾತ್ರ ನಿಲ್ಬಾರ್ದು" ಎಂದು ತಾಕೀತು.

ಅವರ ಮಾತಿನಂತೆ ಕೈ ನಿಲ್ಲಲೇ ಇಲ್ಲ. ಮೊದಲ ನಾಟಕದವರನ್ನು ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿ ಆಡಿಸಿ ನೋಡಿದ ದಿನ ರಾಜ ಮಗನಿಗೆ ಗಡೀಪಾರಿನ ಶಿಕ್ಷೆ ಕೊಡುತ್ತಿದ್ದಾನೆ, ಬೆರಳು ಎದೆಯ ಮುಂದೆ ಇಲ್ಲದ ಹಣ್ಣು ಕೊಯ್ಯುತ್ತಿವೆ! ಮಂತ್ರಿಯದೂ ಹಾಗೇ, ಸೇವಕನದೂ ಹಾಗೇ. ಮೇಸ್ತ್ರಿ ತಲೆ ಮೇಲೆ ಕೈಹೊತ್ತು ಕೂತರು. "ಅಯ್ಯೋ, ಸಿಂಹಾಸನದ ಮೇಲೆ ಕೂತ್ಕಂಡು ಯಾರ ತೋಟ ಕೊಯ್ತಿದೀಯೋ?" ಮರುದಿನದಿಂದ ಎಲ್ಲರ ಕೈಗೂ ಒಂದೊಂದು ಸಾಮಾನು ಬಂತು. ರಾಜನಿಗೆ ಕತ್ತಿ, ಮಂತ್ರಿಗೆ ಓಲೆ, ಕೊಡಲು ಏನೂ ಸಿಗದ ಸೇವಕನಿಗೆ ತಾಮ್ರದ ಚೊಂಬು.

ಆ ನಾಟಕವನ್ನು ನಿಲ್ಲಿಸಿದ್ದು ಮಳೆ, ಬಂದು ಅಲ್ಲ, ಬಾರದೆ. ಕಾಫಿ ಹೂವಿಗೆ ಬೇಕಾದ ಮಳೆ ಆ ವರ್ಷ ಕೈಕೊಟ್ಟಿತು. ಸ್ಪ್ರಿಂಕ್ಲರ್ ಶುರುವಾಗಿ ರಾಜ, ಮಂತ್ರಿ, ಸೇನಾಪತಿ ಎಲ್ಲರೂ ಹಗಲು ರಾತ್ರಿ ಪೈಪ್ ಹೊರಲು ಹೋದರು. ಎರಡನೆಯದನ್ನು ಆನೆ ನಿಲ್ಲಿಸಿತು. ನಾಟಕಕ್ಕೆ ಎರಡು ದಿನ ಇದೆ ಎನ್ನುವಾಗ ಫಾರೆಸ್ಟ್‌ನವರ ಜೀಪು, ಸಂಜೆ ಮೇಲೆ ಯಾರೂ ಮನೆಯಿಂದ ಹೊರಗೆ ಬರಬಾರದು ಎಂದು ಮೈಕಿನಲ್ಲಿ ಕೂಗುತ್ತಾ ಹೋಯಿತು. "ಆನೆಗೊಂದು ಹ್ಯಾಂಡ್‌ಬಿಲ್ ಕೊಡೋಕೆ ಮರೆತ್ವಲ್ಲ" ಎಂದರು ಮೇಸ್ತ್ರಿ. ಎಲ್ಲರೂ ನಕ್ಕರು. ಅವರು ಆಮೇಲೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಮೂರನೆಯದರಲ್ಲಿ ನಾನು ರಾಣಿ. ಆಗ ಮೂಡಿಗೆರೆಯಲ್ಲಿ ಡಿಗ್ರಿ ಕೊನೆಯ ವರ್ಷ. ಹಿಂದಿನ ವರ್ಷದ ಅರ್ಥಶಾಸ್ತ್ರದ ಪೇಪರೊಂದು ಫೇಲಾಗಿ ಕುತ್ತಿಗೆಗೆ ಜೋತುಬಿದ್ದಿತ್ತು. ಅಪ್ಪ ಕೆಟ್ಟವನಲ್ಲ, ಫೇಲು ಎಂದರೆ ಓದು ತಲೆಗೆ ಹತ್ತಲಿಲ್ಲ ಎಂದೇ ಅವನ ತಿಳುವಳಿಕೆ. "ಈ ಸಲನೂ ಹೋಯ್ತು ಅಂದ್ರೆ ಮುಗೀತು ಸುಮಿತ್ರಾ. ನಿಮ್ಮಮ್ಮನ ಜೊತೆ ಬುತ್ತಿ ಕಟ್ಕಂಡು ತೋಟಕ್ಕೆ ನಡಿ" ಎಂದಿದ್ದ.

ಮಳೆ, ಆನೆ ಯಾವುದರ ಕಾಟವೂ ಇಲ್ಲದೆ ಕಣದಲ್ಲಿ ಚಪ್ಪರದ ಕಂಬ ಎದ್ದವು. ಅಷ್ಟರಲ್ಲಿ ಪರೀಕ್ಷೆಯ ದಿನ ಬದಲಾಯಿತು. ಆ ಅರ್ಥಶಾಸ್ತ್ರದ ಪೇಪರು ನಾಟಕದ ಮರುದಿನ ಬೆಳಿಗ್ಗೆಗೇ ಬಂತು. ನಾಟಕ ಮುಗಿಯುವುದೇ ಬೆಳಗಿನ ಜಾವಕ್ಕೆ. ನಾನು ಮೂರು ದಿನ ಇದನ್ನು ಯಾರಿಗೂ ಹೇಳಲಿಲ್ಲ. ತಾಲೀಮಿನಲ್ಲಿ ಮಾತು ತಪ್ಪತೊಡಗಿದಾಗ ಮೇಸ್ತ್ರಿಯೇ ಹಿಡಿದರು.

"ಎಂತ ಆಗಿದೆ ನಿಂಗೆ?"

ಹೇಳಿದೆ. "ನಾಟ್ಕ ಮುಗ್ಸಿ ಹಂಗೇ ಮೊದಲ್ನೇ ಬಸ್ಸಿಗೆ ಹೋಗ್ತೀನಿ ಮಾವ."

"ಫೇಲಾಗಿತ್ತಲ್ಲ, ಅದೇ ಪೇಪರಾ?"

"ಹೂಂ."

ಅವರು ಕಣದತ್ತ ನಡೆದು, ಚಪ್ಪರ ಕಟ್ಟುತ್ತಿದ್ದವರಿಗೆ ಬಿಚ್ಚಲು ಹೇಳಿದರು. ರಾಜನ ಪಾತ್ರದ ಬಸವರಾಜ ಓಡಿ ಬಂದ. ಬಯಲುಸೀಮೆಯಿಂದ ಕೊಯ್ಲಿಗೆ ಬಂದವನು ಅವನು.

"ಒಂದ್ ವಾರ ಮುಂದಕ್ ಹಾಕ್ರಿ ಮೇಸ್ತ್ರಿ."

"ಕೊಯ್ಲು ಮುಗೀತು. ನಾಳಿದ್ದು ಲಾರಿ ಹತ್ತಿ ಊರಿಗೆ ಹೋಗೋನು ನೀನೇ. ನಾಟ್ಕ ಯಾರು ಆಡ್ತಾರೆ, ನಿನ್ ಕಿರೀಟನಾ?"

"ಹಂಗಾರ ರಾಣಿ ಪಾತ್ರಕ್ಕ ಬ್ಯಾರೆ ಯಾರನ್ನರ ಕರ್ಸ್ರಿ."

"ಸೀರೆ ಉಡ್ಸಿ ನಿಲ್ಸೋಕೆ ಇದೇನು ಬಟ್ಟೆ ಅಂಗ್ಡಿನಾ? ಎರಡು ತಿಂಗ್ಳು ಕಲ್ತಿದಾಳೆ ಅವಳು." ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಇದನ್ನ ನಿಲ್ಸಿದ್ದು ನಾನು. ಬೈಯೋದಾದ್ರೆ ನಂಗೆ ಬೈರಿ. ಆ ಹುಡ್ಗಿ ಸುದ್ದಿಗೆ ಹೋದ್ರೆ ನೋಡಿ."

ನಾಟಕ ಆಗಬೇಕಿದ್ದ ಸಂಜೆ ನಮ್ಮ ಮನೆಗೆ ಬಂದರು. ನನ್ನನ್ನು ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಅಮ್ಮನಿಗೆ, "ಓದ್ತಿದಾಳಾ? ಸರಿ, ಬೇಗ ಮಲಗ್ಸು" ಎಂದಷ್ಟೇ ಹೇಳಿ ಹೋದರು.

ಪಾಸಾದೆ. ಐವತ್ತೆರಡು ಅಂಕ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಮೇಸ್ತ್ರಿ ನಾಲ್ಕನೆಯ ನಾಟಕ ಬರೆಯಲಿಲ್ಲ. ಮಂಡಿ ನೋವು ಬಂದು ಕೆಲಸ ಬಿಟ್ಟು ಕೊಟ್ಟಿಗೆಹಾರದ ಮಗಳ ಮನೆ ಸೇರಿದರು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನೋಡಲು ಹೋಗಿದ್ದೆ. ಜಗಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಅದೂ ಇದೂ ಮಾತಾಡಿ, ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿದೆ.

"ಆ ನಾಟ್ಕ ನಿಲ್ಸಿದ್ದಕ್ಕೆ ನಿಮಗೆ ಬೇಜಾರಾಗ್ಲಿಲ್ವಾ ಮಾವ?"

"ಆಗದೆ ಎಂತ ಮಾರಾಯ್ತಿ? ಇವತ್ತಿಗೂ ಆಗತ್ತೆ." ಎಣ್ಣೆ ಕೈಯನ್ನು ಪಂಚೆಗೆ ಒರೆಸಿದರು. "ಮೂರ್ರಲ್ಲಿ ಅದೇ ಚೆನ್ನಾಗಿದ್ದಿದ್ದು. ನೀನು ಫೇಲಾಗಿದ್ರೆ ಎರಡು ಬೇಜಾರು ಇರ್ತಿತ್ತು, ಈಗ ಒಂದೇ. ಏಳು, ಊಟ ಮಾಡ್ಕಂಡು ಹೋಗು."

ಮಳೆಗಾಲ ಮುಗಿಯುವುದರೊಳಗೆ ಅವರು ಹೋಗಿಬಿಟ್ಟರು. ಅವತ್ತು ಕೇಳಿದ್ದು ಒಳ್ಳೆಯದಾಯಿತು. ನನ್ನ ಸಮಾಧಾನಕ್ಕೆಂದು ಅವರು 'ಬೇಜಾರೇನೂ ಇಲ್ಲ' ಎಂದಿದ್ದರೆ ನಾನು ನಂಬಿಬಿಡುತ್ತಿದ್ದೆ. ಅವರು ಏನು ಬಿಟ್ಟುಕೊಟ್ಟರು ಎಂಬುದು ತಿಳಿಯದೆಯೇ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಂಡು ಓಡಾಡುತ್ತಿದ್ದೆ.