ಬಾಜಾ ನಿಲ್ಲಿಸಿದ ಮಾಸ್ತರರು

ಮಧ್ಯಾಹ್ನ ಊಟವಾದ ಮೇಲೆ ನನಗೊಂದು ಚಟವಿದೆ. ಫೋನಿನಲ್ಲಿ ಹಳೆಯ ಕಾಲದ ಒಬ್ಬ ಬ್ರಿಟಿಷ್ ಬ್ಯಾಂಡ್ ನಾಯಕನನ್ನು ನೋಡುತ್ತೇನೆ. ಬಿಳಿ ಕೋಟು, ನುಣ್ಣಗೆ ಬಾಚಿದ ತಲೆ, ಎದುರಿಗೆ ಸಾಲಾಗಿ ಕೂತ ಕಹಳೆಯವರು. ಸಂಗೀತ ನನಗೆ ತಿಳಿಯದು. ಅಷ್ಟು ಜನ ಒಬ್ಬನ ಮಾತು ಕೇಳುವುದನ್ನು ನೋಡುವುದೇ ನನಗೆ ಖುಷಿ. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ಆದರೂ ನನ್ನ ಮಾತು ನಡೆಯುವುದಿಲ್ಲ. “ಆ ಸಾಹೇಬನ ಬಾಜಾ ಬಂದ್ ಮಾಡಿ ಹಾಲು ತರ್ರಿ,” ಎನ್ನುತ್ತಾಳೆ ಹೆಂಡತಿ.

ಆತನ ಜೀವನವನ್ನೂ ಓದಿದ್ದೇನೆ. ನೃತ್ಯಶಾಲೆಗಳಲ್ಲಿ ನುಡಿಸುತ್ತ ಮೇಲೆ ಬಂದು, ಯುದ್ಧದ ದಿನಗಳಲ್ಲಿ ರೇಡಿಯೋದಿಂದ ಮನೆಮಾತಾಗಿ, ಗಿಟಾರಿನ ಹುಡುಗರು ಬಂದಾಗ ಮೂಲೆಗೆ ಸರಿದವನು. ನಾರಾಯಣಖೇಡದಲ್ಲಿ ಮದುವೆ ಬ್ಯಾಂಡು ನಡೆಸುವ ನಮ್ಮ ಮಾಣಿಕ ಮಾಸ್ತರರದೂ ಇದೇ ಕಥೆ, ಗಿಟಾರಿನ ಜಾಗದಲ್ಲಿ ಡಿಜೆ ಹಾಕಿಕೊಂಡರಾಯಿತು. ಆದರೆ ಸಾಹೇಬನ ಬ್ಯಾಂಡು ಕೂತು ನುಡಿಸುತ್ತದೆ, ನಮ್ಮದು ನಡೆಯುತ್ತ. ಮಾಸ್ತರರು ಕ್ಲಾರಿನೆಟ್ ಹಿಡಿದು ತಮ್ಮವರ ಕಡೆ ಮುಖ ಮಾಡಿ, ಎಮ್ಮೆ, ಆಟೋ, ಗುಂಡಿಗಳ ನಡುವೆ ಹಿಮ್ಮುಖವಾಗಿ ನಡೆಯುತ್ತಾರೆ. ಬಿದ್ದದ್ದನ್ನು ಯಾರೂ ಕಂಡಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಮಗಳ ಮದುವೆಗೆ ಅವರನ್ನೇ ಗೊತ್ತುಮಾಡಿದ್ದೆ. ಬೀಗರು ತಾಂಡೂರಿನವರು. ಬೆಳಿಗ್ಗೆಯೇ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ಮುಖ ಊದಿಸಿಕೊಂಡಿದ್ದರು. ಇನ್ನೊಂದು ತಪ್ಪಾದರೆ ವರನ ಬರಾತ್ ಮೆರವಣಿಗೆ ಅಲ್ಲಿಂದಲೇ ತಾಂಡೂರಿಗೆ ತಿರುಗೀತು ಎಂದು ನನ್ನ ಜೀವ ಕೈಯಲ್ಲಿತ್ತು. ಮದುಮಗ ಕುದುರೆಯ ಮೇಲೆ, ಗೆಳೆಯರ ಕುಣಿತ ರಂಗೇರಿತ್ತು. ನಮ್ಮ ಓಣಿಯ ತಿರುವಿನಲ್ಲಿ ಮಾಸ್ತರರು ಕೈ ಎತ್ತಿದರು. ಬಾಜಾ ಥಟ್ಟನೆ ನಿಂತಿತು.

“ಯಾಕ ಬಂದ್ ಮಾಡಿದ್ರಿ? ನಡು ರಸ್ತಾದಾಗ ನಮ್ಮ ಮರ್ಯಾದಿ ತೆಗೀಲಿಕ್ಕೇನ್ರಿ?” ಬೀಗರು ನನ್ನ ಮೇಲೆಯೇ ಬಂದರು. ನಾನು ಬೆವರು ಒರೆಸಿಕೊಂಡೆ.

ಮಾಸ್ತರರು ಮುಂದಿನ ಮನೆಯೊಂದರತ್ತ ಕೈ ತೋರಿಸಿ ಮೆಲ್ಲಗೆ ಹೇಳಿದರು: “ಆ ಮನ್ಯಾಗ ನಿನ್ನೆ ಹಿರ್ಯಾರು ತೀರಿಹೋಗ್ಯಾರ್ರಿ. ಮನಿ ದಾಟಿದ ಮ್ಯಾಲ ಬಾರಿಸ್ತೀವಿ.”

ನಮ್ಮ ಓಣಿಯ ಆ ಸಾವೂ, ಸಾವಿನ ಮನೆಯ ಮುಂದೆ ಬಾಜಾ ಬಾರಿಸುವುದಿಲ್ಲವೆಂಬುದೂ ನನಗೆ ಗೊತ್ತಿದ್ದವು. ಉಪ್ಪಿಟ್ಟಿನ ಚಿಂತೆಯಲ್ಲಿ ಮರೆತೇಬಿಟ್ಟಿದ್ದೆ. ಬೀಗರು ಆ ಮನೆಯ ಕಡೆ ನೋಡಿದರು. ಕಟ್ಟೆಯ ಮೇಲೆ ನಾಲ್ಕಾರು ಜನ ತಲೆ ತಗ್ಗಿಸಿ ಕೂತಿದ್ದರು. ಬೀಗರು ರುಮಾಲು ಸರಿಮಾಡಿಕೊಂಡು ಮಗನಿಗೆ, “ಕುದ್ರಿ ಇಳಿಯಪ್ಪ. ನಡ್ಕೋತ ಬಾ,” ಎಂದರು.

ಮದುಮಗ ಇಳಿದ. ಇಡೀ ಬರಾತ್ ಸದ್ದಿಲ್ಲದೆ ಆ ಮನೆ ದಾಟಿತು. ನನ್ನ ಮಗಳು ಒಳ್ಳೆಯವರ ಮನೆಗೇ ಹೋಗುತ್ತಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗಲೇ. ಅದುವರೆಗೆ ಜಾತಕ, ಹೊಲ, ನೌಕರಿ ಎಲ್ಲ ವಿಚಾರಿಸಿದ್ದೆ, ಇದನ್ನು ವಿಚಾರಿಸುವ ದಾರಿ ಯಾರಿಗೆ ಗೊತ್ತಿತ್ತು? ಎದೆಯ ಮೇಲಿನ ಬಂಡೆ ಇಳಿದಂತಾಯಿತು.

ಓಣಿಯ ಆ ತುದಿಯಲ್ಲಿ ಬಾಜಾ ಮತ್ತೆ ಶುರುವಾದಾಗ ನಾನು, ಹುಟ್ಟಿದಾಗಿನಿಂದ ಒಮ್ಮೆಯೂ ಕುಣಿಯದವನು, ಬೀಗರ ಕೈ ಹಿಡಿದು ಕುಣಿದೆ. ನನ್ನ ಹೆಜ್ಜೆ ಒಂದೂ ತಾಳಕ್ಕೆ ಕೂಡಲಿಲ್ಲ. ಮಾಸ್ತರರು ನನ್ನ ಕಾಲುಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮವರಿಗೆ ಕಣ್ಸನ್ನೆ ಮಾಡಿ, ಇಡೀ ಬ್ಯಾಂಡನ್ನೇ ನನ್ನ ಹೆಜ್ಜೆಗೆ ನಿಧಾನ ಮಾಡಿಸಿದರು.