ನಮ್ಮ ನೀಲವ್ವನ ನಿಲ್ಲದ ಹಾಡು

ನಮ್ಮ ನೀಲವ್ವನ ಆಲ್ಬಂ ಇವತ್ತು ಮುಂಜಾನೆ ಬಂತು. ಒಂದು ತಾಸಿಗೂ ಹೆಚ್ಚು ಹೊತ್ತಿನ ಹಾಡು, ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಫೋನಿನಲ್ಲಿ ಅವಳ ಹೆಸರಿದೆ, ಫೋಟೋ ಇದೆ. ನಾನು ಅವಳ ಆಯಿ, ಅವಳ ಅಪ್ಪನ ತಾಯಿ. ಮುಂಜಾನೆಯಿಂದ ಓಣಿಯಲ್ಲಿ ಕಂಡಕಂಡವರ ಬಾಯಿಗೆಲ್ಲ ಸಕ್ಕರೆ ಹಾಕುತ್ತ ಅಡ್ಡಾಡಿದ್ದೇನೆ. ಬಾಜು ಮನೆಯ ಶಾಂತವ್ವ, "ಏನಬೇ, ಮೊಮ್ಮಗಳ ಲಗ್ನ ಗೊತ್ತಾತೇನ?" ಎಂದು ಕೇಳಿದಳು. "ಲಗ್ನಕ್ಕಿಂತ ದೊಡ್ಡದೈತಿ, ಬಾಯಿ ತಗಿ" ಎಂದೆ.

ಈ ಖುಷಿಯಲ್ಲಿಯೇ ಒಂದು ಹಳೆಯ ಮಾತನ್ನು ನಿಮಗೆ ಹೇಳಿಬಿಡಬೇಕು ಅನ್ನಿಸಿದೆ. ನಾನು ಮೂರನೆಯ ಇಯತ್ತೆ ಕಲಿತವಳು. ಆದರೂ ದೆವ್ವ, ಗಾಳಿ, ಪವಾಡ ಅಂದರೆ ಮೊದಲಿನಿಂದಲೂ ನನಗೆ ನಂಬಿಕೆಯಿಲ್ಲ. ಯಾರಾದರೂ ಅಂಥದ್ದನ್ನು ಕಂಡೆ, ಕೇಳಿದೆ ಎಂದು ಬಂದರೆ, ಉಂಡು ಮಲಕೋ ಹೋಗವಾ ಎಂದು ಕಳಿಸುತ್ತಿದ್ದೆ. ಈಗ ನಾನೇ ಹೇಳುವವಳಾಗಿದ್ದೇನೆ. ನೀವೂ ನನಗೆ ಹಾಗೆಯೇ ಅಂದರೆ ಸಿಟ್ಟಾಗುವುದಿಲ್ಲ.

ನೀಲಿಗೆ ಆಗ ನಾಲ್ಕು ವರ್ಷ. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ಹೊರಳಿ ನೋಡುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಇವೆ, ಈ ಕೂಸಿನ ರೀತಿಯೇ ಬೇರೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಜೋರಾಗಿ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಹಾಡು ಅಂದರೆ ಜೀವ. ಆದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸುಮ್ಮನಾಗುತ್ತದಲ್ಲ, ಅಷ್ಟಕ್ಕೇ ಉಸಿರು ಕಟ್ಟುವ ಹಾಗೆ ಅಳುತ್ತಿದ್ದಳು. ನಮಗೆ ಹಾಡು ಹಚ್ಚುವುದೂ ಕಷ್ಟ, ಬಿಡುವುದೂ ಕಷ್ಟ.

ನನ್ನ ಸಣ್ಣ ಮಗ, ನೀಲಿಯ ಕಾಕಾ, ಮಾಂತೇಶ ಟ್ರ್ಯಾಕ್ಟರ್ ಹೊಡೆಯುತ್ತಾನೆ. ನವಲಗುಂದದ ಒಂದು ಮೊಬೈಲ್ ಅಂಗಡಿಯಲ್ಲಿ ಜಾನಪದ ಹಾಡು ತುಂಬಿಸಲು ಪೆನ್ ಡ್ರೈವ್ ಕೊಟ್ಟಿದ್ದ. ಅಂಗಡಿಯವನು ತಪ್ಪಿ ಯಾರದೋ ಹಾಡನ್ನು ತುಂಬಿ ಕಳಿಸಿದ. ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಹಚ್ಚಿ ನೋಡಿದರೆ ಹಾಡುವವರೇ ಇಲ್ಲ. ಬರೀ ಒಂದು ಬಡಿತ. ಎಷ್ಟೋ ಹೊತ್ತಿನ ಮೇಲೆ ಅದರ ಮೇಲೆ ಇನ್ನೊಂದು ಸಪ್ಪಳ, ಆಮೇಲೆ ದೂರದಿಂದ ತಂತಿ ಮೀಟಿದಂಥ ದನಿ. "ಗಿರಣಿ ನಡದಂಗ ಐತಲ್ಲೋ" ಎಂದು ನಾನು ನಕ್ಕೆ. ಅಳಿಸಿಬಿಡುತ್ತೇನೆ ಎಂದು ಮಾಂತೇಶ ಹೊರಟಿದ್ದ. ಅಷ್ಟರಲ್ಲಿ ನೀಲಿ ಬಂದು ಸ್ಪೀಕರಿಗೆ ಬೆನ್ನು ಹಚ್ಚಿ ಕೂತಳು. ಒಂದು ತಾಸಿನ ಮೇಲೆ ನೋಡಿದರೂ ಹಾಗೆಯೇ ಕೂತಿದ್ದಳು, ಅಳಲಿಲ್ಲ.

ಕಾರಣ ಮೊದಲು ತಿಳಿದದ್ದು ನಮ್ಮ ಯಜಮಾನರಿಗೆ. ಅವರು ಮಠದ ಭಜನೆಯಲ್ಲಿ ತಾಳ ಹಾಕುವವರು. ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಒಂದು ಮೇಳದವರು ಏಳುವ ಮುಂಚೆಯೇ ಇನ್ನೊಂದು ಮೇಳದವರು ಬಾಜು ಕೂತು ಅದೇ ತಾಳ ಹಿಡಿಯುತ್ತಾರೆ. ಹಾಡು ಬದಲಾಗುತ್ತದೆ, ತಾಳ ಬೀಳುವುದಿಲ್ಲ. "ಇದೂ ಅದ ಐತಿ. ಒಂದ ಹಾಡಿನ ಹೊಟ್ಟ್ಯಾಗ ಇನ್ನೊಂದು ಹುಟ್ಟತೈತಿ" ಎಂದರು. ಅವತ್ತಿನಿಂದ ಆ ಪೆನ್ ಡ್ರೈವ್ ನಮ್ಮ ಮನೆಯ ದೇವರಾಯಿತು. ದಿನಾ ನಾನು ಅವಳ ಜೊತೆ ಕೂತು ಕೂತು ಎಲ್ಲಿ ಯಾವ ಸಪ್ಪಳ ಬರುತ್ತದೆ ಎಂಬುದು ನನಗೂ ಬಾಯಿಪಾಠವಾಯಿತು.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದೆವು. ಭೂಮಿತಾಯಿ ಲಕ್ಷ್ಮವ್ವನಿಗೆ ಎಡೆ ಮಾಡಿ, ಗಂಡಸರು ಕೂಗುತ್ತ ಹೊಲದ ಸುತ್ತ ಅಡಿಗೆ ಚೆಲ್ಲಿ ಬಂದ ಮೇಲೆ ಎಲ್ಲರೂ ಕೂತು ಉಣ್ಣುವ ಹಬ್ಬ ಅದು. ದಾರಿಯುದ್ದಕ್ಕೂ ನೀಲಿಯ ಹಾಡು ನಡೆದಿತ್ತು. ಬನ್ನಿ ಗಿಡದ ಕೆಳಗೆ ಪೂಜೆಗೆ ಕೂತಾಗ ಯಜಮಾನರು, "ಮಾಂತ್ಯಾ, ಅದನ್ನ ಬಂದ್ ಮಾಡೋ" ಎಂದರು.

"ನೀಲಿ ಅಳ್ತಾಳಪಾ."

"ಒಂದೀಟ ಅಳಲಿ. ಲಕ್ಷ್ಮವ್ವಗೂ ಕಿವಿ ಅದಾವ."

ಮಾಂತೇಶ ಬಂದ್ ಮಾಡಿದ. ನೀಲಿ ಅತ್ತಳು, ಅವಳ ತಾಯಿ ಕಸ್ತೂರಿ ಎತ್ತಿಕೊಂಡು ಸಮಾಧಾನ ಮಾಡಿದಳು. ಆಮೇಲೆ ಗಂಡಸರು ಗಟ್ಟಿಯಾಗಿ ಕೂಗುತ್ತ ಹೊಲ ಸುತ್ತಲು ಹೋದರು. ನಾವು ಹೆಂಗಸರು ರೊಟ್ಟಿ ಗಂಟು ಬಿಚ್ಚುತ್ತಿದ್ದೆವು. ತಲೆ ಎತ್ತಿ ನೋಡಿದರೆ ನೀಲಿ ಇಲ್ಲ.

ಹಿಂಗಾರಿ ಜೋಳ ಆಳೆತ್ತರ ನಿಂತಿತ್ತು. ಒಳಗೆ ಹೋದರೆ ದೊಡ್ಡವರಿಗೇ ದಿಕ್ಕು ತಿಳಿಯುವುದಿಲ್ಲ. ಹೊಲದ ಆ ತುದಿಗೆ ಹಳ್ಳ, ಹಳ್ಳದಲ್ಲಿ ಒಂದು ಮಡು. ಹೆಸರು ಹಿಡಿದು ಕರೆದರೆ ಓಗೊಡುವ ಕೂಸಲ್ಲ. ಕೂಗಿದರೆ ಇನ್ನೂ ಒಳಗೆ ಓಡುವ ಕೂಸು. ಆದರೂ ಎಲ್ಲರೂ ಕೂಗಿದರು, ತಡೆಯಲು ಆಗುತ್ತದೆಯೇ? ಕಸ್ತೂರಿ, ನೀಲಿಯ ಅಪ್ಪ ಇಬ್ಬರೂ ಹಳ್ಳದ ಕಡೆ ಓಡಿದರು. ಯಜಮಾನರು ಜೋಳದೊಳಗೆ ನುಗ್ಗಿ, ಮೈಯೆಲ್ಲ ಗೀರಿಸಿಕೊಂಡು, ಹೊಕ್ಕ ಕಡೆಯಿಂದಲೇ ಹೊರಗೆ ಬಂದರು. ಹೊತ್ತು ಇಳಿಯತೊಡಗಿತ್ತು.

ನನಗೆ ಆಗ ಹೊಳೆಯಿತು. "ಯಾರೂ ಕೂಗಬ್ಯಾಡ್ರಿ. ಮಾಂತ್ಯಾ, ಆ ಹಾಡು ಹಚ್ಚೋ" ಎಂದೆ. ಅವನು ಓಡಿ ಟ್ರ್ಯಾಕ್ಟರ್ ಹತ್ತಿ ಗುಂಡಿ ಒತ್ತಿದ್ದನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ. ಒತ್ತಿದವನೇ ಹಾರಿ ನಮ್ಮ ಬಳಿ ಬಂದ.

ಹಾಡು ಶುರುವಾಯಿತು. ಮೊದಲು ಆ ಬಡಿತ, ಆಮೇಲೆ ಅದರ ಮೇಲಿನ ಸಪ್ಪಳ, ಆಮೇಲೆ ತಂತಿಯ ದನಿ. ನಾವೆಲ್ಲ ಜೋಳದ ಕಡೆ ನೋಡುತ್ತ ನಿಂತೆವು. ಒಂದು ಹಾಡು ಇನ್ನೊಂದರೊಳಗೆ ಹೋಗುವ ಜಾಗ ಬಂತು. ಇಲ್ಲಿ ನಿಂತುಬಿಟ್ಟರೆ ಕೂಸು ಅಲ್ಲಿಯೇ ಕೂತುಬಿಡುತ್ತದಲ್ಲಪ್ಪಾ ಎಂದುಕೊಂಡೆ. ನಿಲ್ಲಲಿಲ್ಲ. ಅಷ್ಟರಲ್ಲಿ ಗಾಳಿಯಿಲ್ಲದೆ ದೂರದಲ್ಲಿ ಒಂದು ಕಡೆ ತೆನೆ ಅಲುಗಿದವು. ಅಲುಗಾಟ ನೆಟ್ಟಗೆ ನಮ್ಮ ಕಡೆಗೇ ಬಂತು. ಸಾಲು ಸರಿಸಿಕೊಂಡು ನೀಲಿ ಹೊರಗೆ ಬಂದಳು. ನಮ್ಮ ಯಾರ ಮುಖವನ್ನೂ ನೋಡದೆ ಹೋಗಿ ಸ್ಪೀಕರಿಗೆ ಬೆನ್ನು ಹಚ್ಚಿ ಕೂತಳು.

ನಾನು ಬಾಚಿ ಎತ್ತಿಕೊಂಡೆ. ಅವಳ ಬಲಗೈ ಮುಷ್ಟಿ ಬಿಗಿಯಾಗಿತ್ತು. ಬೆರಳು ಬಿಡಿಸಿದೆ. ಒಳಗೆ ಪೆನ್ ಡ್ರೈವ್ ಇತ್ತು.

ಮಾಂತೇಶ ಅದನ್ನು ನೋಡಿ ಟ್ರ್ಯಾಕ್ಟರ್ ಹತ್ತಿದ. ಅದನ್ನು ಸಿಗಿಸುವ ಕಿಂಡಿಗೆ ಬೆರಳು ಇಟ್ಟು, "ಖಾಲಿ ಐತಬೇ" ಎಂದ. ಆಗ ನಮಗೆ ಗೊತ್ತಾಯಿತು, ಹಾಡು ನಿಂತಿತ್ತು. ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ. ಹಾಡು ನಿಂತರೆ ಅಳುವ ಕೂಸು ಅವತ್ತು ಅಳಲೂ ಇಲ್ಲ.

ನಾವು ರೊಟ್ಟಿ ಗಂಟು ಬಿಚ್ಚುವಾಗ ಅವಳೇ ಟ್ರ್ಯಾಕ್ಟರ್ ಹತ್ತಿ ಕಿತ್ತುಕೊಂಡಿರಬೇಕು, ಅಷ್ಟು ಸರಿ. ಹಾಗಾದರೆ ನಾವು ಕೇಳಿದ್ದು ಏನು? ಗುಂಡಿ ಒತ್ತಿದಾಗ ಅದರ ರೇಡಿಯೋ ಹತ್ತಿಕೊಂಡಿರಬೇಕು ಎಂದು ಮಾಂತೇಶ ಅನ್ನುತ್ತಾನೆ. ಆ ಹೊತ್ತಿಗೆ ರೇಡಿಯೋದವರು ಕಡ್ಲಿ ಬೆಳೆಯ ಹುಳಕ್ಕೆ ಯಾವ ಎಣ್ಣೆ ಹೊಡೆಯಬೇಕು ಎಂದು ಹೇಳುತ್ತಿರುತ್ತಾರೆ. ಹೆದರಿಕೆಯಲ್ಲಿ ಎಲ್ಲರಿಗೂ ಕೇಳಿದ ಹಾಗೆ ಅನ್ನಿಸಿದೆ ಎನ್ನುತ್ತಾಳೆ ಕಸ್ತೂರಿ. ನಮಗೆ ಅನ್ನಿಸಿರಬಹುದವ್ವ, ಜೋಳದೊಳಗಿದ್ದ ಕೂಸು ಏನು ಕೇಳಿ ಬಂತು? ಯಜಮಾನರಂತೂ ಅವತ್ತಿನಿಂದ ಆ ಹಾಡನ್ನು ಬಂದ್ ಮಾಡು ಎಂದು ಒಮ್ಮೆಯೂ ಹೇಳಿಲ್ಲ.

ನೀಲಿಗೆ ತಡವಾಗಿ ಮಾತು ಬಂತು. ಈಗಲೂ ಬೇಕಾದಷ್ಟೇ ಆಡುತ್ತಾಳೆ. ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಹೋಗುತ್ತ, ಎರಡು ಚಕ್ರದ ಒಂದು ಹಳೆಯ ಡಿಜೆ ಯಂತ್ರ ತಂದು, ಹಾಡಿಗೆ ಹಾಡು ಬೆಸೆಯುವುದನ್ನು ತಾನೇ ಕಲಿತಳು. ಈ ಬಗೆಯ ಹಾಡಿನ ಪ್ರೊಗ್ರೆಸಿವ್ ಹೌಸ್, ಟ್ರಾನ್ಸ್ ಎಂಬ ಹೆಸರುಗಳನ್ನು ನನಗೆ ಕಲಿಸಿದವಳೂ ಅವಳೇ. ಇವತ್ತು ಸಂತೋಷದಲ್ಲಿ ಧೈರ್ಯ ಮಾಡಿ ಕೇಳಿದೆ, "ನೀಲಿ, ಅವತ್ತು ಹೊಲದಾಗ ಹಾಡು ಹಚ್ಚಿದವರು ಯಾರವಾ?"

"ನೀವ ಹಚ್ಚಿದ್ರಿ."

"ಪೆನ್ ಡ್ರೈವ್ ನಿನ್ನ ಕೈಯಾಗಿತ್ತಲ್ಲ?"

"ಹೌದು" ಎಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ನಾನು ಇನ್ನು ಕೇಳುವುದಿಲ್ಲ. ತಪ್ಪಿ ತುಂಬಿದ ಆ ಅಂಗಡಿಯವನು ಚೆನ್ನಾಗಿರಲಿ. ಆ ಹಾಡುಗಳನ್ನು ಬೆಸೆದವನು ಯಾವ ದೇಶದ ಯಾರ ಮಗನೋ, ಅವನ ಹೊಟ್ಟೆ ತಣ್ಣಗಿರಲಿ. ಅವತ್ತು ಹಚ್ಚಿದವರು ಯಾರೇ ಆಗಿರಲಿ, ಅವರಿಗೂ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಎಳ್ಳ ಅಮಾವಾಸ್ಯೆ ಇನ್ನೂ ದೂರ ಇದ್ದರೂ ಇವತ್ತು ನಾನು ಚರಗದ ಅಡಿಗೆಯನ್ನೇ ಮಾಡಿದೆ: ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಮಾಂತೇಶ ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಆಲ್ಬಂ ಹಚ್ಚಿದ. ಯಜಮಾನರ ಬೆರಳು ತಾಟಿನ ಅಂಚಿನ ಮೇಲೆ ತಾನಾಗಿಯೇ ತಾಳ ಹಾಕುತ್ತಿತ್ತು. ಮಾತಾಡುತ್ತ, ತಾಸುಗಟ್ಟಲೆ ಉಣ್ಣುತ್ತಿರುವಾಗಲೇ ಹಾಡು ಸಣ್ಣಗಾಗುತ್ತ, ಸಣ್ಣಗಾಗುತ್ತ ಮುಗಿಯಿತು. ಮನೆ ಸುಮ್ಮನಾಯಿತು. ನಾವೆಲ್ಲ ಹಳೆಯ ರೂಢಿಯಂತೆ ತುತ್ತು ಕೈಯಲ್ಲಿ ಹಿಡಿದು ನೀಲಿಯ ಮುಖ ನೋಡಿದೆವು.

ನೀಲಿ ತಾಟು ನನ್ನ ಕಡೆ ಸರಿಸಿ, "ಆಯಿ, ಇನ್ನೊಂದ ರೊಟ್ಟಿ ನೀಡು" ಎಂದಳು.